ಹಬ್‌ನೊಳಗೆ ಕಚ್ಚಿಕೊಂಡಿರುವ ಆಕ್ಸಲ್ ಶಾಫ್ಟನ್ನು ಬೇರಿಂಗ್ ಕೆಡದಂತೆ ಬಿಡಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮುಂದಿನ ಚಕ್ರಗಳಿಗೆ ಚಾಲನೆ ಇರುವ ಸಣ್ಣ ಕಾರೊಂದರ ಎಡಬದಿಯಲ್ಲಿ ಹೊರಗಿನ ಸಿವಿ ಜಾಯಿಂಟ್‌ನ (ಚಕ್ರ ಹೊರಳಿದಾಗಲೂ ಶಾಫ್ಟ್‌ನ ಚಾಲನೆಯನ್ನು ಸಾಗಿಸುವ ಕೀಲು) ರಬ್ಬರ್ ಬೂಟ್ ಹರಿದು, ಗ್ರೀಸ್ ಚಕ್ರದ ಒಳಮೈಗೆಲ್ಲ ಸಿಡಿದಿದೆ. ತಿರುವಿನಲ್ಲಿ ಕಟಕಟ ಸದ್ದು ಇನ್ನೂ ಶುರುವಾಗಿಲ್ಲವಾದ್ದರಿಂದ ಜಾಯಿಂಟ್ ಕೆಟ್ಟಿಲ್ಲ ಎಂಬ ನಂಬಿಕೆಯಿಂದ, ಶಾಫ್ಟನ್ನು ಹೊರತೆಗೆದು ಬೂಟ್ ಬದಲಿಸಿ ಹೊಸ ಗ್ರೀಸ್ ತುಂಬುವ ಕೆಲಸವನ್ನು ಮನೆಯಲ್ಲೇ ಕೈಗೆತ್ತಿಕೊಂಡಿದ್ದೇನೆ.

ಚಕ್ರ ನೆಲದ ಮೇಲಿರುವಾಗಲೇ ಆಕ್ಸಲ್ ನಟ್‌ನ ಬಗ್ಗಿಸಿದ ಅಂಚನ್ನು ಬಿಡಿಸಿ ನಟ್ ಸಡಿಲಿಸಿದೆ. ಆಮೇಲೆ ಕಾರನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರವನ್ನೂ ಬ್ರೇಕ್ ಡಿಸ್ಕನ್ನೂ ತೆಗೆದು, ಕ್ಯಾಲಿಪರನ್ನು ಅದರ ಹೋಸ್‌ಗೆ ಭಾರ ಬೀಳದಂತೆ ತಂತಿಯಿಂದ ಸ್ಪ್ರಿಂಗ್‌ಗೆ ತೂಗುಹಾಕಿದ್ದೇನೆ. ಕೆಳಗಿನ ಬಾಲ್ ಜಾಯಿಂಟ್ ಇನ್ನೂ ಬಿಚ್ಚಿಲ್ಲ. ಇಲ್ಲಿಯವರೆಗೆ ಎಲ್ಲವೂ ಸರಾಗವಾಗಿ ನಡೆಯಿತು. ಆದರೆ ಶಾಫ್ಟ್ ಮಾತ್ರ ಹಬ್ (ಚಕ್ರವನ್ನು ಬಿಗಿಯುವ ನಡುಭಾಗ) ಬಿಟ್ಟು ಕದಲುತ್ತಿಲ್ಲ. ನಟ್ಟನ್ನು ಶಾಫ್ಟ್ ತುದಿಯ ಮಟ್ಟಕ್ಕೆ ತಿರುಗಿಸಿಟ್ಟು, ಹಿತ್ತಾಳೆಯ ತುಂಡನ್ನು ನಡುವೆ ಹಿಡಿದು ಹದವಾಗಿ ಬಡಿದು ನೋಡಿದೆ, ಕೂದಲೆಳೆಯಷ್ಟೂ ಅಲುಗಲಿಲ್ಲ. ಸ್ಪ್ಲೈನ್ ಹಲ್ಲುಗಳ (ಹಬ್‌ನೊಳಗೆ ಕಚ್ಚಿ ಕೂರುವ, ಶಾಫ್ಟ್ ಮೇಲಿನ ಉದ್ದುದ್ದ ಹಲ್ಲುಗಳು) ಹೊರತುದಿಯಲ್ಲಿ ಕೆಂಗಂದು ಬಣ್ಣದ ನುಣುಪಾದ ಪುಡಿ ಕಾಣುತ್ತಿದೆ.

ಇದಕ್ಕಿಂತ ದೊಡ್ಡ ಸುತ್ತಿಗೆ ಹಿಡಿಯುವ ಮೊದಲು ಬಲ್ಲವರನ್ನು ಕೇಳುವುದು ಮೇಲೆಂದು ತೋರಿತು. ಚಕ್ರದ ಬೇರಿಂಗ್ ಈಗ ಸದ್ದಿಲ್ಲದೆ ತಿರುಗುತ್ತಿದ್ದು, ಬೂಟ್ ಬದಲಿಸಲು ಹೋಗಿ ಅದನ್ನು ಕೆಡಿಸಿಕೊಳ್ಳುವ ಮನಸ್ಸಿಲ್ಲ. ಜೋರಾಗಿ ಬಡಿಯಬಹುದೇ, ಬಿಸಿ ಕೊಡಬಹುದೇ, ಅಥವಾ ಸ್ಕ್ರೂ ತಿರುಗಿಸಿ ಒತ್ತಿ ಬಿಡಿಸುವ ಪುಲ್ಲರ್ ಒಂದೇ ದಾರಿಯೇ ಎಂಬುದನ್ನು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ನಮಸ್ಕಾರ. ದೊಡ್ಡ ಸುತ್ತಿಗೆ ಹಿಡಿಯದೆ ನಿಂತದ್ದು ಒಳ್ಳೆಯದಾಯಿತು. ಯಾವ ಸಾಧನ ಬಳಸಬೇಕು ಎನ್ನುವುದಕ್ಕಿಂತ ಮೊದಲು, ನೀವು ಹಾಕುವ ಬಲ ಯಾವ ಯಾವ ಭಾಗಗಳ ಮೂಲಕ ಹಾದುಹೋಗುತ್ತದೆ ಎಂಬುದನ್ನು ನೋಡಬೇಕು. ಈ ಕೆಲಸದಲ್ಲಿ ಬೇರಿಂಗ್ ಉಳಿಯುವುದೂ ಹಾಳಾಗುವುದೂ ಅದರ ಮೇಲೆಯೇ ನಿಂತಿದೆ.

ಶಾಫ್ಟ್ ತುದಿಗೆ ಬಡಿದಾಗ ಏನಾಗುತ್ತದೆ ನೋಡಿ. ಶಾಫ್ಟ್ ಹಬ್‌ಗೆ ಕಚ್ಚಿಕೊಂಡಿರುವುದರಿಂದ ಪೆಟ್ಟು ಮೊದಲು ಹಬ್‌ಗೆ ಹೋಗುತ್ತದೆ, ಹಬ್‌ನಿಂದ ಬೇರಿಂಗಿನ ಒಳ ಉಂಗುರಕ್ಕೆ, ಅಲ್ಲಿಂದ ಗುಂಡುಗಳ ಮೂಲಕ ಹೊರ ಉಂಗುರಕ್ಕೆ, ಕೊನೆಗೆ ಬೇರಿಂಗನ್ನು ಹಿಡಿದಿರುವ ಸ್ಟಿಯರಿಂಗ್ ನಕಲ್‌ಗೆ. ಗುಂಡು ಮತ್ತು ಉಂಗುರ ಒಂದನ್ನೊಂದು ಮುಟ್ಟುವ ಜಾಗ ಬಹಳ ಕಿರಿದಾದ್ದರಿಂದ, ನೇರವಾದ ಭಾರಿ ಪೆಟ್ಟು ಉಂಗುರದ ನಯವಾದ ಹಾದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳನ್ನು ಮೂಡಿಸಬಲ್ಲದು. ಅಂದು ಏನೂ ಗೊತ್ತಾಗುವುದಿಲ್ಲ, ಆದರೆ ಮುಂದೆ ವೇಗ ಹೆಚ್ಚಿದಂತೆ ಏರುವ ಗುಂಯ್ ಎಂಬ ಸದ್ದಿನ ಮೂಲ ಅದೇ ಆಗಿರುತ್ತದೆ. ಒಂದು ವೇಳೆ ಶಾಫ್ಟ್ ಹಠಾತ್ತನೆ ಬಿಟ್ಟುಕೊಂಡರೆ, ಉಳಿದ ಪೆಟ್ಟೆಲ್ಲ ಗೇರ್‌ಬಾಕ್ಸ್ ಬದಿಯ ಒಳಜಾಯಿಂಟ್‌ಗೆ ಬೀಳುತ್ತದೆ.

ಪುಲ್ಲರ್ ಹಾಗಲ್ಲ. ಅದರ ತಟ್ಟೆಯನ್ನು ಚಕ್ರದ ಸ್ಟಡ್‌ಗಳಿಗೆ ನಟ್ ಹಾಕಿ ಬಿಗಿದು, ನಡುವಿನ ಸ್ಕ್ರೂವಿನಿಂದ ಶಾಫ್ಟನ್ನು ಒಳಕ್ಕೆ ಒತ್ತಿದಾಗ, ಹಬ್ ಹೊರಕ್ಕೆ ಎಳೆಯಲ್ಪಡುತ್ತದೆ, ಶಾಫ್ಟ್ ಒಳಕ್ಕೆ ನೂಕಲ್ಪಡುತ್ತದೆ, ಮತ್ತು ಆ ಎರಡು ಬಲಗಳೂ ಹಬ್–ಶಾಫ್ಟ್ ನಡುವೆಯೇ ಸರಿದೂಗಿ ಮುಗಿಯುತ್ತವೆ. ಬೇರಿಂಗ್‌ಗೆ ಅದರ ಭಾರವೇ ತಟ್ಟುವುದಿಲ್ಲ. ಬಲವೂ ಕಡಿಮೆಯದಲ್ಲ: 16 ಮಿಲಿಮೀಟರ್ ದಪ್ಪದ ಸ್ಕ್ರೂವನ್ನು 150 ನ್ಯೂಟನ್ ಮೀಟರ್ ಟಾರ್ಕ್‌ನಲ್ಲಿ ತಿರುಗಿಸಿದರೆ ಶಾಫ್ಟ್ ಮೇಲೆ ಬೀಳುವ ಒತ್ತಡ 4 ಟನ್ ದಾಟುತ್ತದೆ. ಇದೇ ಕಾರಣಕ್ಕೆ ಸ್ಟಡ್‌ಗಳಿಗೆ ಕಟ್ಟಿ ಹಬ್ಬನ್ನು ಹೊರಕ್ಕೆ ಜಗ್ಗುವ ಸ್ಲೈಡ್ ಹ್ಯಾಮರನ್ನು ಇಲ್ಲಿ ನಾನು ಒಪ್ಪುವುದಿಲ್ಲ. ಅದರ ಎಳೆತವೆಲ್ಲ ಮತ್ತೆ ಬೇರಿಂಗ್ ಮತ್ತು ಒಳಜಾಯಿಂಟ್ ಮೂಲಕವೇ ಹಾದುಹೋಗುತ್ತದೆ.

ಮೂರು ಕೊಕ್ಕೆಗಳ ಪುಲ್ಲರ್ ಇದ್ದರೆ ಅದೂ ನಡೆಯುತ್ತದೆ. ಕೊಕ್ಕೆಗಳು ಹಬ್‌ನ ದಪ್ಪ ಫ್ಲ್ಯಾಂಜನ್ನೇ (ಚಕ್ರ ಕೂರುವ ತಟ್ಟೆ) ಹಿಡಿಯಬೇಕು, ಅದರ ಹಿಂದಿರುವ ತಗಡಿನ ಕವಚವನ್ನಲ್ಲ. ಶಾಫ್ಟ್ ತುದಿಯ ನಟ್ಟ ನಡುವೆ ಲೇತ್‌ನಲ್ಲಿ ಕೊರೆದ ಸಣ್ಣ ಕುಳಿ ಇರುತ್ತದೆ. ಪುಲ್ಲರ್ ಸ್ಕ್ರೂವಿನ ಮೊನೆ ಅದರಲ್ಲಿ ಸರಿಯಾಗಿ ಕೂರಬೇಕು. ಮೊನೆ ಕುಳಿಗಿಂತ ದಪ್ಪವಾಗಿದ್ದರೆ ನಡುವೆ ಒಂದು ಉಕ್ಕಿನ ಗುಂಡನ್ನಿಡಿ, ಇಲ್ಲವಾದರೆ ಶಾಫ್ಟ್ ತುದಿ ಅರಳಿ ನಟ್‌ನ ಮರೆಗಳು (ಥ್ರೆಡ್) ಕೆಡುತ್ತವೆ. ಸ್ಕ್ರೂವಿನ ಮರೆಗಳಿಗೆ ಗ್ರೀಸ್ ಹಚ್ಚಿ, ಹಬ್ ತಿರುಗದಂತೆ ಎರಡು ಸ್ಟಡ್‌ಗಳ ನಡುವೆ ಉದ್ದನೆಯ ಸರಳನ್ನು ತೂರಿಸಿ. ಆಕ್ಸಲ್ ನಟ್ ಕೆಲವು ಮರೆಗಳಷ್ಟು ಶಾಫ್ಟ್ ಮೇಲೇ ಇರಲಿ. ಬಿಟ್ಟುಕೊಳ್ಳುವ ಕ್ಷಣದಲ್ಲಿ ಶಾಫ್ಟ್ ಒಮ್ಮೆಲೇ ಒಳಕ್ಕೆ ನುಗ್ಗದಂತೆ ಅದೇ ತಡೆಯಾಗುತ್ತದೆ. ರಕ್ಷಣಾ ಕನ್ನಡಕ ಹಾಕಿಕೊಂಡು, ಪುಲ್ಲರ್‌ನ ನೇರಕ್ಕಲ್ಲ, ಪಕ್ಕಕ್ಕೆ ನಿಂತು ಕೆಲಸ ಮಾಡಿ.

ಬಾಲ್ ಜಾಯಿಂಟನ್ನು ಈಗಲೇ ಬಿಚ್ಚಬೇಡಿ. ನಕಲ್ ತನ್ನ ಜಾಗದಲ್ಲಿ ಗಟ್ಟಿಯಾಗಿ ನಿಂತಿದ್ದರೆ ಪುಲ್ಲರ್ ನೆಟ್ಟಗೆ ಕೂರುತ್ತದೆ. ಶಾಫ್ಟ್ ಕೆಲವು ಮಿಲಿಮೀಟರ್ ಸರಿಯಲು ಬೇಕಾದ ಜಾಗವನ್ನು ಒಳಜಾಯಿಂಟೇ ಕೊಡುತ್ತದೆ. ಅದು ಬಿಟ್ಟುಕೊಂಡ ನಂತರ ಬಾಲ್ ಜಾಯಿಂಟ್ ಬಿಚ್ಚಿ, ನಕಲನ್ನು ಹೊರಕ್ಕೆ ವಾಲಿಸಿ ಶಾಫ್ಟನ್ನು ಪೂರ್ತಿ ಹೊರತೆಗೆಯಿರಿ.

ಎರಡನೆಯ ಉತ್ತರ

ಮೇಲಿನವರು ಬಲದ ದಾರಿಯನ್ನು ಚೆನ್ನಾಗಿ ವಿವರಿಸಿದ್ದಾರೆ. ಎಣ್ಣೆ ಮತ್ತು ಬಿಸಿಯ ಬಗ್ಗೆ ನಾನು ಒಂದಿಷ್ಟು ಸೇರಿಸುತ್ತೇನೆ.

ನೀವು ಕಂಡ ಕೆಂಗಂದು ಪುಡಿ ಕೇವಲ ನೀರಿನಿಂದ ಬಂದ ತುಕ್ಕಲ್ಲ. ವೇಗ ಹೆಚ್ಚಿಸಿದಾಗ ಒಂದು ಕಡೆಗೆ, ಎಂಜಿನ್ ಹಿಡಿತಕ್ಕೆ ಬಂದಾಗ ಇನ್ನೊಂದು ಕಡೆಗೆ, ಹೀಗೆ ಸ್ಪ್ಲೈನ್ ಹಲ್ಲುಗಳು ಪರಸ್ಪರ ಅತಿ ಸೂಕ್ಷ್ಮವಾಗಿ ಉಜ್ಜಿಕೊಂಡು ಉದುರಿದ ಕಬ್ಬಿಣದ ಕಣಗಳು ಗಾಳಿಯೊಡನೆ ಸೇರಿ ಈ ಪುಡಿಯಾಗುತ್ತವೆ. ತುಕ್ಕು ತನ್ನ ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಬೇಡುವುದರಿಂದ, ಹಲ್ಲುಗಳ ನಡುವಿನ ಕಿರಿದಾದ ಸಂದಿನಲ್ಲಿ ಅದು ಬೆಣೆ ಹೊಡೆದಂತೆ ಬಿಗಿದು ಕೂರುತ್ತದೆ. ಆದ್ದರಿಂದ ತುಕ್ಕಿನ ಪದರ ಒಮ್ಮೆ ಬಿರುಕು ಬಿಟ್ಟರೆ ಸಾಕು, ಮಿಕ್ಕದ್ದು ಸುಲಭ.

ತುಕ್ಕು ಸಡಿಲಿಸುವ ಎಣ್ಣೆಯನ್ನು ಎಷ್ಟು ಸುರಿದಿರಿ ಎಂಬುದಕ್ಕಿಂತ ಎಲ್ಲಿ, ಎಷ್ಟು ಹೊತ್ತು ನಿಲ್ಲಿಸಿದಿರಿ ಎಂಬುದೇ ಮುಖ್ಯ. ಒಳಬದಿಯಲ್ಲಿ ಸಿವಿ ಜಾಯಿಂಟ್‌ನ ಭುಜ ಬೇರಿಂಗ್‌ಗೆ ಒತ್ತಿಕೊಂಡು ಕೂತಿರುವುದರಿಂದ ಆ ಕಡೆಯಿಂದ ಎಣ್ಣೆ ಹೋಗುವುದಿಲ್ಲ. ಹೊರತುದಿಯೊಂದೇ ದಾರಿ. ಆದರೆ ಹಬ್ ಅಡ್ಡಡ್ಡಲಾಗಿರುವುದರಿಂದ ಸಿಂಪಡಿಸಿದ ಎಣ್ಣೆ ಕ್ಷಣದಲ್ಲಿ ಕೆಳಕ್ಕೆ ಸೋರಿಹೋಗುತ್ತದೆ. ನಟ್ ಕೂರುವ ತಗ್ಗಿನ ಕೆಳ ಅರ್ಧಕ್ಕೆ ಜೇಡಿಮಣ್ಣಿನಿಂದಲೋ ಪುಟ್ಟಿಯಿಂದಲೋ ಒಂದು ಸಣ್ಣ ಕಟ್ಟೆ ಕಟ್ಟಿ ಅದರೊಳಗೆ ಎಣ್ಣೆ ನಿಲ್ಲಿಸಿ, ಕಟ್ಟೆಯ ಮಟ್ಟಕ್ಕಿಂತ ಮೇಲಿರುವ ಹಲ್ಲುಗಳಿಗೆ ಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ತುರುಕಿ. ನಡುನಡುವೆ ಹಬ್ಬನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಎಣ್ಣೆ ತುಂಬಿದರೆ ಸುತ್ತಲಿನ ಎಲ್ಲ ಹಲ್ಲುಗಳಿಗೂ ಅದು ಮುಟ್ಟುತ್ತದೆ. ಒಂದು ರಾತ್ರಿ ಹೀಗೆ ಬಿಡುವುದು ಒಂದು ಗಂಟೆಯ ಬಡಿತಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಇನ್ನು ಬಿಸಿ. ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಅಳತೆಯ ದಶಲಕ್ಷದಲ್ಲಿ ಸುಮಾರು 12 ಪಾಲಿನಷ್ಟು ಹಿಗ್ಗುತ್ತದೆ. 30 ಮಿಲಿಮೀಟರ್ ವ್ಯಾಸದ ರಂಧ್ರವಿರುವ ಹಬ್ ಶಾಫ್ಟ್‌ಗಿಂತ 100 ಡಿಗ್ರಿ ಹೆಚ್ಚು ಬಿಸಿಯಾದರೆ ರಂಧ್ರ ಸುಮಾರು 0.036 ಮಿಲಿಮೀಟರ್ ಅಗಲವಾಗುತ್ತದೆ. ಕೇಳಲು ಅತ್ಯಲ್ಪ, ಆದರೆ ತುಕ್ಕಿನ ಪದರವನ್ನು ಸೀಳಲು ಅಷ್ಟು ಸಾಕು. ಇಲ್ಲಿ ಎರಡು ತೊಡಕುಗಳಿವೆ. ಹಬ್ ಮತ್ತು ಶಾಫ್ಟ್ ಎರಡೂ ಒಟ್ಟಿಗೆ ಬಿಸಿಯಾದರೆ ಎರಡೂ ಒಟ್ಟಿಗೆ ಹಿಗ್ಗುತ್ತವೆ, ಪ್ರಯೋಜನ ಶೂನ್ಯ; ಆದ್ದರಿಂದ ಹಬ್‌ನ ಹೊರಮುಖವನ್ನು ಮಾತ್ರ ಬೇಗ ಬಿಸಿ ಮಾಡಿ, ಶಾಖ ಒಳಕ್ಕಿಳಿಯುವ ಮೊದಲೇ ಪುಲ್ಲರ್ ತಿರುಗಿಸಬೇಕು. ಎರಡನೆಯದು, ನಿಮ್ಮ ಬೇರಿಂಗ್ ಆ ಹಬ್‌ನ ಹಿಂದೆಯೇ ಇದೆ. ಬೇರಿಂಗಿನ ರಬ್ಬರ್ ಸೀಲ್‌ಗಳು ಸಾಮಾನ್ಯವಾಗಿ 100 ಡಿಗ್ರಿಯ ಆಸುಪಾಸಿನವರೆಗೆ ಮಾತ್ರ ನಿರಾತಂಕವಾಗಿರುತ್ತವೆ. ಹಲವು ಕಾರುಗಳಲ್ಲಿ ಎಬಿಎಸ್ ಸಂವೇದಕ ಓದುವ ಕಾಂತೀಯ ಉಂಗುರವೂ ಆ ಸೀಲ್‌ನಲ್ಲೇ ಇರುತ್ತದೆ. ನೀವು ಬೇರಿಂಗ್ ಉಳಿಸಿಕೊಳ್ಳಬೇಕು ಎನ್ನುತ್ತಿರುವುದರಿಂದ ಗ್ಯಾಸ್ ಜ್ವಾಲೆ ಬೇಡವೇ ಬೇಡ. ಹಾಟ್ ಏರ್ ಗನ್ ಸಾಕು, ಅದೂ ಕೊನೆಯ ಪ್ರಯತ್ನವಾಗಿ. ಬೇರಿಂಗ್ ಹೇಗೂ ಬದಲಿಸುವುದಿದ್ದರೆ ಮಾತು ಬೇರೆ.

ಇನ್ನೊಂದು ಎಚ್ಚರಿಕೆಯನ್ನು ಹೇಳಲೇಬೇಕು. ಎಣ್ಣೆ ನೆನೆದ ಬಟ್ಟೆಯನ್ನು ದೂರ ಸರಿಸಿ, ಹಬ್ಬನ್ನು ಒಣಗಿಸದೆ ಶಾಖದ ಹತ್ತಿರ ಹೋಗಬೇಡಿ, ಏಕೆಂದರೆ ಈ ಎಣ್ಣೆಗಳು ಬಹುತೇಕ ಸುಲಭವಾಗಿ ಹೊತ್ತಿಕೊಳ್ಳುವಂಥವು. ಒಣಗಿಸಲು ಕ್ಲೋರಿನ್ ಸೇರಿದ ಬ್ರೇಕ್ ಕ್ಲೀನರ್ ಬಳಸಲೇಬೇಡಿ. ಅದರ ಆವಿ ತೀವ್ರ ಶಾಖಕ್ಕೆ ಸಿಕ್ಕರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ, ಅದರ ಸ್ವಲ್ಪ ಪ್ರಮಾಣವೂ ಶ್ವಾಸಕೋಶಕ್ಕೆ ಪ್ರಾಣಾಂತಿಕವಾಗಬಲ್ಲದು.

ಮೂರನೆಯ ಉತ್ತರ

ಗಾಳಿಯ ಕಂಪ್ರೆಸರ್ ಇದ್ದವರಿಗೆ ಏರ್ ಹ್ಯಾಮರ್ ಒಂದು ಒಳ್ಳೆಯ ದಾರಿ. ಮೊನಚಾದ ಬಿಟ್ ಅನ್ನು ಶಾಫ್ಟ್ ತುದಿಯ ಕುಳಿಯಲ್ಲಿಟ್ಟು ಸ್ವಲ್ಪ ಹೊತ್ತು ಬಡಿಸಿದರೆ, ಪ್ರತಿ ಪೆಟ್ಟೂ ಹಗುರವಾಗಿದ್ದರೂ ಎಡೆಬಿಡದ ಕಂಪನಕ್ಕೆ ತುಕ್ಕು ಪುಡಿಯಾಗುತ್ತದೆ. ಸುತ್ತಿಗೆಗೆ ಜಗ್ಗದ ಶಾಫ್ಟ್‌ಗಳು ಇದಕ್ಕೆ ಬಿಟ್ಟುಕೊಂಡದ್ದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಒಂದೇ ಭಾರಿ ಪೆಟ್ಟಿಗೆ ಹೋಲಿಸಿದರೆ ಬೇರಿಂಗ್‌ಗೆ ಇದರಿಂದ ಆಗುವ ಅಪಾಯವೂ ಕಡಿಮೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಕಂಪ್ರೆಸರ್ ನನ್ನಲ್ಲಿಲ್ಲ. ಸ್ಟಡ್‌ಗಳಿಗೆ ಕಟ್ಟುವ ತಟ್ಟೆಯ ಪುಲ್ಲರ್ ಬಾಡಿಗೆಗೆ ಸಿಕ್ಕಿತು. ಕಟ್ಟೆ ಕಟ್ಟಿ ಎಣ್ಣೆ ನಿಲ್ಲಿಸಿ, ಪುಲ್ಲರ್ ಕಟ್ಟಿ ಬಿಗಿದಿದ್ದೇನೆ. ಟಾರ್ಕ್ ರೆಂಚಿನಲ್ಲಿ 150 ನ್ಯೂಟನ್ ಮೀಟರ್‌ವರೆಗೆ ಬಂದಿದೆ. ಶಾಫ್ಟ್ ಇನ್ನೂ ಕದಲಿಲ್ಲ. ಇನ್ನೂ ಬಿಗಿಯಬಹುದೇ? ಇಷ್ಟಕ್ಕೂ ಅದು ಸರಿಯುತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಮೊದಲ ಉತ್ತರ ಬರೆದವರು

ಇನ್ನೂ ಬಿಗಿಯುವ ಮೊದಲು ಆ ಪುಲ್ಲರ್ ತಯಾರಿಸಿದವರು ಹೇಳಿರುವ ಮಿತಿಯನ್ನು ನೋಡಿಕೊಳ್ಳಿ. ಸ್ಕ್ರೂವಿಗೆ ಇಂಪ್ಯಾಕ್ಟ್ ರೆಂಚ್ ಬಳಸಬಹುದೆಂದು ಸ್ಪಷ್ಟವಾಗಿ ಹೇಳಿರದಿದ್ದರೆ ಕೈಯಿಂದಲೇ ತಿರುಗಿಸಿ. ಮಿತಿಯೊಳಗೆ ಬಿಗಿದು, ಅದೇ ಬಿಗಿತದಲ್ಲಿ ಬಿಟ್ಟುಬಿಡಿ. ಅವಸರ ಬೇಡ. ನಿರಂತರ ಒತ್ತಡದಲ್ಲಿರುವ ತುಕ್ಕಿನ ಪದರ ಎಣ್ಣೆ ಇಳಿದಂತೆಲ್ಲ ತಾನಾಗಿಯೇ ಸೋಲುವುದುಂಟು, ಯಾರೂ ಹತ್ತಿರವಿಲ್ಲದ ಹೊತ್ತಿನಲ್ಲಿ ಟಪ್ ಎಂದು ಬಿಟ್ಟುಕೊಳ್ಳುವುದೂ ಉಂಟು.

ಸರಿಯುತ್ತಿದೆಯೇ ಎಂದು ತಿಳಿಯಲು, ವರ್ನಿಯರ್‌ನ ಹಿಂಬದಿಯ ಆಳದ ಕಡ್ಡಿಯಿಂದ ಹಬ್‌ನ ಮುಖಕ್ಕೂ ಶಾಫ್ಟ್ ತುದಿಯ ಅಂಚಿಗೂ ಇರುವ ಅಂತರವನ್ನು ಅಳೆದು ಬರೆದಿಟ್ಟುಕೊಳ್ಳಿ. ಪ್ರತಿ ಪ್ರಯತ್ನದ ನಂತರ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಕಣ್ಣಿಗೆ ಏನೂ ಆಗಿಲ್ಲ ಎನಿಸಿದಾಗಲೂ ಅರ್ಧ ಮಿಲಿಮೀಟರ್ ಸರಿದಿರಬಹುದು, ಅಷ್ಟು ಸರಿದಿದೆ ಎಂದರೆ ಹಿಡಿತ ತಪ್ಪಿದೆ ಎಂದರ್ಥ.

ಬೆಳಿಗ್ಗೆಯೂ ಹಾಗೆಯೇ ಇದ್ದರೆ, ಬಿಗಿತ ಹಾಗೆಯೇ ಇರುವಾಗ ಪುಲ್ಲರ್ ಸ್ಕ್ರೂವಿನ ತಲೆಗೆ ಒಂದು ಕಿಲೋ ತೂಕದ ಸುತ್ತಿಗೆಯಿಂದ ಚುರುಕಾದ, ಹಗುರವಾದ ಕೆಲವು ಪೆಟ್ಟುಗಳನ್ನು ಹಾಕಿ. ಸುತ್ತಿಗೆ ಬೇಡವೆಂದು ಹೇಳಿ ಈಗ ಬಡಿಯಲು ಹೇಳುತ್ತಿದ್ದಾರಲ್ಲ ಎಂದು ನಿಮಗೆ ಅನ್ನಿಸಬಹುದು. ಇಲ್ಲಿ ನೂಕುವ ಕೆಲಸ ಸುತ್ತಿಗೆಯದಲ್ಲ, ಪುಲ್ಲರ್‌ನದು. ಆಗಲೇ ಟನ್‌ಗಟ್ಟಲೆ ಒತ್ತಡದಲ್ಲಿರುವ ಪದರವನ್ನು ನಡುಗಿಸುವುದಷ್ಟೇ ಸುತ್ತಿಗೆಯ ಪಾಲು, ಆದ್ದರಿಂದ ಹಗುರವಾದ ಪೆಟ್ಟೇ ಸಾಕು. ಏರ್ ಹ್ಯಾಮರ್ ಕೆಲಸ ಮಾಡುವುದೂ ಇದೇ ತತ್ವದಿಂದ, ಆ ಸಲಹೆಯನ್ನು ನಾನು ಒಪ್ಪುತ್ತೇನೆ. ಬಡಿದ ಮೇಲೆ ಸ್ಕ್ರೂ ಸಡಿಲವಾಗಿದೆಯೇ ನೋಡಿ. ಸಡಿಲವಾಗಿದ್ದರೆ ಶಾಫ್ಟ್ ಸರಿದಿದೆ, ಮತ್ತೆ ಬಿಗಿಯಿರಿ.

ಮೊದಲ ಒಂದೆರಡು ಮಿಲಿಮೀಟರ್ ಸರಿದಾಗ ಒಂದೇ ಉಸಿರಿಗೆ ಪೂರ್ತಿ ನೂಕಿಬಿಡುವ ಆಸೆಯಾಗುತ್ತದೆ, ತಡೆದುಕೊಳ್ಳಿ. ಒಳಗಿನ ಒಣ ತುಕ್ಕಿನ ಪುಡಿ ಹಲ್ಲುಗಳ ನಡುವೆ ಗುಡ್ಡೆಯಾಗಿ ಮತ್ತೆ ಬಿಗಿಯಬಹುದು. ಪುಲ್ಲರ್ ಕಳಚಿ, ಎಣ್ಣೆ ಹಾಕಿ, ಆಕ್ಸಲ್ ನಟ್ ಬಿಗಿದು ಶಾಫ್ಟನ್ನು ಬಂದ ದಾರಿಯಲ್ಲೇ ಸ್ವಲ್ಪ ಹಿಂದಕ್ಕೆಳೆದು, ಮತ್ತೆ ಪುಲ್ಲರ್‌ನಿಂದ ನೂಕಿ. ಹೀಗೆ ಹಿಂದೆ ಮುಂದೆ ಆಡಿಸಿದಾಗ ಎಣ್ಣೆ ಕಂದು ಬಣ್ಣದ ಕೆಸರಾಗಿ ಹೊರಗೆ ಬರುತ್ತದೆ, ಹಿಡಿತ ಕ್ರಮೇಣ ಸಡಿಲವಾಗುತ್ತದೆ.

ಇಷ್ಟಕ್ಕೂ ಜಗ್ಗದಿದ್ದರೆ ಎರಡು ವಿಷಯ ನೆನಪಿಡಿ. ಕೆಲವು ತಯಾರಕರು ಕಾರ್ಖಾನೆಯಲ್ಲೇ ಸ್ಪ್ಲೈನ್‌ಗೆ ಲಾಕಿಂಗ್ ಅಂಟನ್ನು ಹಚ್ಚಿರುತ್ತಾರೆ. ಅದಕ್ಕೆ ಎಣ್ಣೆ ಕೆಲಸ ಮಾಡುವುದಿಲ್ಲ, ಪುಲ್ಲರ್ ಮತ್ತು ಶಾಖವೇ ಬೇಕು. ನಿಮ್ಮ ಕಾರಿನ ದುರಸ್ತಿ ಕೈಪಿಡಿಯಲ್ಲಿ ಜೋಡಣೆಯ ಭಾಗವನ್ನು ಓದಿದರೆ ಅಂಟಿನ ವಿಷಯ ತಿಳಿಯುತ್ತದೆ. ಕಡೆಯ ದಾರಿಯೆಂದರೆ, ಗೇರ್‌ಬಾಕ್ಸ್ ಬದಿಯನ್ನು ಬಿಡಿಸಿ, ಶಾಫ್ಟ್ ಮತ್ತು ನಕಲನ್ನು ಒಟ್ಟಾಗಿಯೇ ಕಾರಿನಿಂದ ಇಳಿಸಿ, ಹೈಡ್ರಾಲಿಕ್ ಪ್ರೆಸ್ ಇರುವಲ್ಲಿಗೆ ಒಯ್ಯುವುದು. ಅಲ್ಲಿ ಆಸರೆ ಕೊಡುವಾಗ ಹಬ್‌ನ ಫ್ಲ್ಯಾಂಜ್‌ಗೇ ಕೊಡಬೇಕೆಂದು ತಿಳಿಸಿ. ನಕಲ್‌ಗೆ ಆಸರೆ ಕೊಟ್ಟು ಒತ್ತಿದರೆ ಇಡೀ ಭಾರ ಬೇರಿಂಗ್ ಮೇಲೆಯೇ ಬೀಳುತ್ತದೆ. ಗೇರ್‌ಬಾಕ್ಸ್ ಬದಿಯನ್ನು ಬಿಡಿಸುವಾಗ ಶಾಫ್ಟ್ ಹಿಡಿದು ಎಳೆಯಬೇಡಿ, ಒಳಜಾಯಿಂಟ್ ತನ್ನೊಳಗೇ ಬಿಚ್ಚಿಕೊಳ್ಳುತ್ತದೆ. ಗೇರ್ ಆಯಿಲ್ ಇಳಿಸಿ, ಜಾಯಿಂಟ್‌ನ ಕವಚಕ್ಕೂ ಗೇರ್‌ಬಾಕ್ಸ್‌ಗೂ ನಡುವೆ ಚಪ್ಪಟೆ ಸರಳನ್ನಿಟ್ಟು, ಆಯಿಲ್ ಸೀಲ್‌ಗೆ ತಾಗದಂತೆ ಮೀಟಿ.

ಪ್ರಶ್ನೆ ಕೇಳಿದವರು

ಶಾಫ್ಟ್ ಹೊರಬಂದಿದೆ. ರಾತ್ರಿಯಿಡೀ ಬಿಗಿತದಲ್ಲಿದ್ದು ಕದಲದ್ದು, ಬೆಳಿಗ್ಗೆ ಸ್ಕ್ರೂವಿನ ತಲೆಗೆ ಬಿದ್ದ ಹಗುರ ಪೆಟ್ಟುಗಳಿಗೆ ಬಿಟ್ಟುಕೊಂಡಿತು. ವರ್ನಿಯರ್ ಅಳತೆಯಲ್ಲಿ ಅಂತರ ಹೆಚ್ಚಿದ್ದು ಕಂಡಾಗ ಆದ ಸಮಾಧಾನ ಹೇಳತೀರದು. ಹಿಂದೆ ಮುಂದೆ ಆಡಿಸಲು ಹೇಳಿದ್ದೂ ಬಹಳ ಉಪಯೋಗಕ್ಕೆ ಬಂತು, ಏಕೆಂದರೆ ನಡುವೆ ಒಂದು ಕಡೆ ಅದು ಮತ್ತೆ ಬಿಗಿಯಿತು.

ಹೊರಬಂದ ಸ್ಪ್ಲೈನನ್ನು ಒರೆಸಿ ನೋಡಿದರೆ, ಹೊರತುದಿಯ ಮೂರನೇ ಒಂದು ಭಾಗದಲ್ಲಿ ಮಾತ್ರ ಕಪ್ಪು ಮಿಶ್ರಿತ ಕೆಂಪು ಪದರ ಗಟ್ಟಿಯಾಗಿ ಕೂತಿದೆ, ಒಳಗಿನ ಹಲ್ಲುಗಳು ಹೆಚ್ಚುಕಡಿಮೆ ಹೊಳೆಯುತ್ತಿವೆ. ಇದೇ ಶಾಫ್ಟನ್ನು ಮತ್ತೆ ಬಳಸಬಹುದೇ? ಜೋಡಿಸುವಾಗ ಸ್ಪ್ಲೈನ್‌ಗೆ ಏನು ಹಚ್ಚಬೇಕು?

ಎರಡನೆಯ ಉತ್ತರ ಬರೆದವರು

ಸಂತೋಷವಾಯಿತು. ಹಿತ್ತಾಳೆಯ ವೈರ್ ಬ್ರಷ್‌ನಿಂದ ಹಲ್ಲುಗಳನ್ನೂ ಹಬ್‌ನ ಒಳಮೈಯನ್ನೂ ಸ್ವಚ್ಛ ಮಾಡಿ. ನಂತರ ಪ್ರತಿ ಹಲ್ಲಿನ ಪಕ್ಕದ ಮೈಮೇಲೆ ಉಗುರನ್ನು ಎಳೆದು ನೋಡಿ. ಉಗುರು ಮೆಟ್ಟಿಲಿಗೆ ಸಿಕ್ಕಿದಂತೆ ತಡೆದರೆ ಹಲ್ಲು ಸವೆದಿದೆ, ಆಗ ಶಾಫ್ಟ್ ಜೊತೆಗೆ ಹಬ್‌ನ ಹಲ್ಲುಗಳನ್ನೂ ಅನುಮಾನಿಸಬೇಕು. ಹಲ್ಲುಗಳ ಸಾಲು ಶಾಫ್ಟ್‌ನ ಉದ್ದಕ್ಕೆ ನೇರವಾಗಿರಬೇಕು. ಸ್ವಲ್ಪ ತಿರುಚಿದಂತೆ ಕಂಡರೂ ಆ ಶಾಫ್ಟ್ ಬೇಡ. ಹೊಸ ನಟ್ ಬರಿಗೈಯಲ್ಲಿ, ಅದರ ಲಾಕ್ ಅಂಚಿನ ತನಕ ಸರಾಗವಾಗಿ ತಿರುಗಬೇಕು. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಶಾಫ್ಟ್ ಉಳಿಯುತ್ತದೆ ಎಂದೇ ನನಗನಿಸುತ್ತದೆ.

ಬೂಟ್ ಹಾಕುವ ಮೊದಲು ಜಾಯಿಂಟನ್ನೂ ಪೂರ್ತಿ ತೊಳೆದು, ಗುಂಡುಗಳು ಓಡುವ ಆರು ಹಾದಿಗಳನ್ನು ಬೆಳಕಿನಲ್ಲಿ ನೋಡಿ. ಬೂಟ್ ಹರಿದಾಗ ಮಣ್ಣು ಒಳಗೆ ಹೋಗಿರುತ್ತದೆ, ಹಳೆಯ ಗ್ರೀಸನ್ನು ಬೆರಳುಗಳ ನಡುವೆ ಉಜ್ಜಿದಾಗ ಮರಳಿನ ಗರಗರ ಸಿಕ್ಕರೆ ಹಾದಿಗಳಲ್ಲಿ ಗುಳಿಗಳಿರುವ ಸಂಭವ ಹೆಚ್ಚು. ಗುಳಿ ಇದ್ದರೆ ಬೂಟ್ ಬದಲಿಸಿ ಫಲವಿಲ್ಲ, ಜಾಯಿಂಟನ್ನೇ ಬದಲಿಸಿ. ಇಲ್ಲದಿದ್ದರೆ ಬೂಟ್ ಜೊತೆ ಬಂದ ಮಾಲಿಬ್ಡಿನಮ್ ಗ್ರೀಸನ್ನು ಕೊಟ್ಟಷ್ಟನ್ನೂ ತುಂಬಿ.

ಜೋಡಿಸುವಾಗ ಕೈಪಿಡಿ ಅಂಟು ಕೇಳದಿದ್ದರೆ, ಸ್ಪ್ಲೈನ್‌ಗೆ ಕಚ್ಚಿಕೊಳ್ಳದಂತೆ ತಡೆಯುವ ಆಂಟಿಸೀಜ್ ಗ್ರೀಸನ್ನು ತೆಳುವಾಗಿ ಸವರಿ. ಅದು ನಟ್‌ನ ಮರೆಗಳಿಗೆ ತಾಗಬಾರದು: ಮರೆಗಳಲ್ಲಿ ಘರ್ಷಣೆ ಕಡಿಮೆಯಾದರೆ ಅದೇ ಟಾರ್ಕ್‌ಗೆ ಬಿಗಿತ ಹೆಚ್ಚಾಗಿ ಬೇರಿಂಗ್‌ಗೆ ಅತಿಯಾದ ಒತ್ತಡ ಬೀಳುತ್ತದೆ. ಶಾಫ್ಟನ್ನು ಬಡಿದು ಕೂರಿಸಬೇಡಿ, ನಟ್‌ನಿಂದಲೇ ಎಳೆದುಕೊಳ್ಳಿ. ಹಳೆಯ ನಟ್ ಬೇಡ. ಸಣ್ಣ ಕಾರುಗಳಲ್ಲಿ ಆಕ್ಸಲ್ ನಟ್‌ನ ಟಾರ್ಕ್ ಸಾಮಾನ್ಯವಾಗಿ 180ರಿಂದ 300 ನ್ಯೂಟನ್ ಮೀಟರ್ ನಡುವೆ ಇರುತ್ತದೆ. ಕೆಲವಕ್ಕೆ ಟಾರ್ಕ್ ಮುಗಿದ ಮೇಲೆ ಇಂತಿಷ್ಟು ಡಿಗ್ರಿ ತಿರುಗಿಸಬೇಕೆಂಬ ಸೂಚನೆಯೂ ಇರುತ್ತದೆ. ಅಂದಾಜಿನ ಮೇಲೆ ಹೋಗದೆ ನಿಮ್ಮ ಕಾರಿನ ಸಂಖ್ಯೆಯನ್ನೇ ಹಿಡಿಯಿರಿ. ಡಿಸ್ಕ್ ಮತ್ತು ಕ್ಯಾಲಿಪರ್ ಹಾಕಿ, ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಿರುವಾಗ, ಕಾರು ಸ್ಟ್ಯಾಂಡ್ ಮೇಲಿರುವಂತೆಯೇ ಆ ಟಾರ್ಕ್‌ಗೆ ಬಿಗಿಯಿರಿ. ಅನೇಕ ಬೇರಿಂಗ್‌ಗಳ ಎರಡು ಒಳ ಉಂಗುರಗಳನ್ನು ಒಟ್ಟಿಗೆ ಹಿಡಿದಿಡುವುದು ಈ ನಟ್‌ನ ಬಿಗಿತವೇ ಆದ್ದರಿಂದ, ಅದು ಪೂರ್ತಿಯಾಗುವ ಮೊದಲು ಕಾರಿನ ಭಾರವನ್ನು ಚಕ್ರದ ಮೇಲೆ ಬಿಡುವುದಾಗಲಿ ಕಾರನ್ನು ಉರುಳಿಸುವುದಾಗಲಿ ಸಲ್ಲದು. ಆಮೇಲೆ ಮೊಂಡು ತುದಿಯ ಉಳಿಯಿಂದ ನಟ್‌ನ ಅಂಚನ್ನು ಶಾಫ್ಟ್‌ನ ತೋಡಿನೊಳಕ್ಕೆ ಬಗ್ಗಿಸಿ ಕೂರಿಸಿ. ಚೂಪಾದ ಉಳಿ ಹಿಡಿದರೆ ಅಂಚು ಬಗ್ಗುವ ಬದಲು ಸೀಳಿಹೋಗುತ್ತದೆ.